ಬಲಕ್ಕ ಹಿಡೀರಿ

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಈಚೆಗೆ ಒಂದು ಹೊಸ ಋತು ಸೇರಿಕೊಂಡಿದೆ. ಮಳೆಗಾಲ, ಚಳಿಗಾಲಗಳಂತೆ ಇದೂ ವರ್ಷಕ್ಕೊಮ್ಮೆ ಬರುತ್ತದೆ. ಅದು ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುವ ಋತು. ಮಾರ್ಚ್ ತಿಂಗಳು ಬಂತೆಂದರೆ ಮಾಟುಂಗಾದ ಅಂಗಡಿಗಳಲ್ಲಿ ಸಾರಿನಪುಡಿ, ಚಟ್ನಿಪುಡಿಗಳನ್ನು ಸೂಟ್‌ಕೇಸಿನ ಅಳತೆಗೆ ಸರಿಯಾಗಿ ಕಟ್ಟಿಸಿಕೊಳ್ಳುವವರು ಕಾಣಸಿಗುತ್ತಾರೆ. ಹೋಗಿ ಬಂದವರು ತಾವು ಕಂಡದ್ದನ್ನೆಲ್ಲ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಆದರೆ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಸಹ. ಈಗ ಆ ಋತು ಮತ್ತೆ ಹತ್ತಿರ ಬಂದಿದೆ. “ಅಲ್ಲಿ ಬಾಡಿಗೆಗೆ ಕಾರು ತೆಗೆದುಕೊಂಡು ನೀವೇ ಓಡಿಸಿದಿರಂತೆ, ಹೇಗೆ?” ಎಂದು ಇಬ್ಬರು ಮೂವರು ಮಿತ್ರರು ಸಲಹೆ ಕೇಳಿದ್ದಾರೆ. ಆ ಒಂದು ಮಾತನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲವೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾವು ಹೋದದ್ದು 2024ರ ಏಪ್ರಿಲ್ ಕೊನೆಗೆ. ಮಗಳು ಅಳಿಯ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಫ್ರೀಮಾಂಟ್ ಊರಿನಲ್ಲಿ. ಮನೆ ಚೆಂದ, ಹಿತ್ತಲಲ್ಲಿ ನಿಂಬೆಗಿಡ, ಹವೆ ನಮ್ಮ ಧಾರವಾಡದ ಕಾರ್ತೀಕದ ಹಾಗೆ. ಕೊರತೆ ಒಂದೇ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಒಂದೊಂದು ಕಾರು ತೆಗೆದುಕೊಂಡು ಕೆಲಸಕ್ಕೆ ಹೊರಟರೆ ನಮಗೆ ಕಾಲು ಇಲ್ಲದಂತಾಗುತ್ತಿತ್ತು. ಡೊಂಬಿವಲಿಯಲ್ಲಿ ಕೆಳಗಿಳಿದರೆ ಕೊತ್ತಂಬರಿ, ಎದುರಿಗೆ ರಿಕ್ಷಾ, ಹತ್ತು ನಿಮಿಷ ನಡೆದರೆ ಸ್ಟೇಷನ್. ಅಲ್ಲಿ ಅರ್ಧ ತಾಸು ನಡೆದರೂ ಮನೆಗಳೇ ಹೊರತು ಒಂದು ಅಂಗಡಿ ಇಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ನಾವು ಯಾರೋ ಬಂದು ಒಯ್ಯಬೇಕಾದ ಪಾರ್ಸೆಲ್ಲುಗಳಂತೆ ಕೂತಿರುತ್ತಿದ್ದೆವು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆವು. ಆದರೆ ನನ್ನಾಕೆಯ ದೊಡ್ಡಮ್ಮನ ಮಗಳು, ನಾವೆಲ್ಲ ಬರೀ ‘ಅಕ್ಕ’ ಎಂದು ಕರೆಯುವವರು, ಕೊಲ್ಲಿಯ ಉತ್ತರಕ್ಕೆ ಸ್ಯಾನ್ ರಫೇಲ್ ಊರಿನಲ್ಲಿ ಮಗನ ಮನೆಯಲ್ಲಿದ್ದರು. ಎಪ್ಪತ್ತೊಂಬತ್ತು ವರ್ಷ. ಚಳಿಗಾಲದಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು. ಇವಳನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿ, ಜಡೆ ಹಾಕಿ ಶಾಲೆಗೆ ಕಳಿಸಿದವರು. ಅವರಿಗೆಂದು ಮಾಡಿದ ಅಗಸಿ ಚಟ್ನಿಪುಡಿ ಒಂದು ಸ್ಟೀಲ್ ಡಬ್ಬಿಯಲ್ಲಿ ನಮ್ಮ ಸೂಟ್‌ಕೇಸಿನಲ್ಲೇ ಉಳಿದಿತ್ತು. ಮೊದಲನೆಯ ಶನಿವಾರ ಮಗಳಿಗೆ ನೆಗಡಿ. ಎರಡನೆಯ ಶನಿವಾರ ಅಳಿಯನ ಕಚೇರಿಯ ಕೆಲಸ. ಮೂರನೆಯದಕ್ಕೆ ಬೇರೆ ಯಾರೋ ಮನೆಗೆ ಊಟಕ್ಕೆ ಬರುವವರಿದ್ದರು. ಯಾರದೂ ತಪ್ಪಲ್ಲ.

“ಮೂರು ವಾರ ಆತು, ಅಕ್ಕ ಹಾದಿ ನೋಡಲಿಕ್ಕತ್ತಾಳ. ನಾವೇನು ನಿಂಬಿಗಿಡಾ ನೋಡಲಿಕ್ಕೆ ಬಂದೇವೇನು?” ಎಂದಳು ನನ್ನಾಕೆ ಒಂದು ಮಧ್ಯಾಹ್ನ.

ಫ್ರೀಮಾಂಟಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ‘ಬಾರ್ಟ್’ ಎಂಬ ರೈಲು ಇದೆ. ಆದರೆ ಅಕ್ಕನ ಊರು ಇರುವ ಮರೀನ್ ಜಿಲ್ಲೆ 1962ರಲ್ಲೇ ಆ ರೈಲಿನ ಯೋಜನೆಯಿಂದ ಹೊರಗೆ ಬಂದುಬಿಟ್ಟಿತ್ತು. ಹೀಗಾಗಿ ಆ ರೈಲು ಇಂದಿಗೂ ಅಲ್ಲಿಗೆ ಹೋಗುವುದಿಲ್ಲ. ಬಾಡಿಗೆ ಟ್ಯಾಕ್ಸಿಯ ಲೆಕ್ಕ ಹಾಕಿ ನನ್ನಾಕೆ ಅದನ್ನು ರೂಪಾಯಿಗೆ ತಿರುಗಿಸಿ ನೋಡಿ ಸುಮ್ಮನಾದಳು. ಆಗ ನಾನು ನನ್ನ ಗುಟ್ಟು ಬಿಟ್ಟುಕೊಟ್ಟೆ. ಮುಂಬಯಿ ಬಿಡುವ ಮೊದಲೇ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡು ಬಂದಿದ್ದೆ.

ಈ ಪರವಾನಗಿಯ ವಿಷಯ ಹಲವರಿಗೆ ತಿಳಿಯದು. ನಮ್ಮ ಲೈಸೆನ್ಸು, ಪಾಸ್‌ಪೋರ್ಟು, ವೀಸಾಗಳ ಪ್ರತಿಯೊಂದಿಗೆ ನಮೂನೆ 4ಎ ತುಂಬಿಕೊಟ್ಟು, ಒಂದು ಸಾವಿರ ರೂಪಾಯಿ ಶುಲ್ಕ ಕಟ್ಟಿದರೆ ಒಂದು ಪುಟ್ಟ ಪುಸ್ತಿಕೆ ಕೊಡುತ್ತಾರೆ. ಒಂದು ವರ್ಷ ನಡೆಯುತ್ತದೆ. ಅದರ ಮೂಲ 1949ರ ಜಿನೀವಾ ಒಪ್ಪಂದ. ಅದು ಸ್ವತಂತ್ರ ಲೈಸೆನ್ಸಲ್ಲ. ನಮ್ಮ ಲೈಸೆನ್ಸಿನಲ್ಲಿ ಇರುವುದನ್ನು ಬೇರೆ ದೇಶದವರಿಗೆ ಓದಿ ಹೇಳುವ ಸಾಕ್ಷಿ, ಅಷ್ಟೆ. ಮೂಲ ಲೈಸೆನ್ಸು ಜೇಬಿನಲ್ಲಿರಲೇಬೇಕು. ಕ್ಯಾಲಿಫೋರ್ನಿಯಾದ ಕಾನೂನು ಹದಿನೆಂಟು ದಾಟಿದ ಪ್ರವಾಸಿಗೆ ತನ್ನ ದೇಶದ ಲೈಸೆನ್ಸಿನ ಮೇಲೆಯೇ ಓಡಿಸಲು ಬಿಡುತ್ತದೆ. ಆದರೂ ಪುಸ್ತಿಕೆ ಕೈಯಲ್ಲಿದ್ದರೆ ಬಾಡಿಗೆ ಅಂಗಡಿಯವನೊಂದಿಗೆ ವಾದ ಉಳಿಯುತ್ತದೆ.

“ಅಪ್ಪಾ, ಬ್ಯಾಡ. ಇಲ್ಲಿ ರಸ್ತಾನೇ ಬ್ಯಾರೆ. ಶನಿವಾರ ನಾನೇ ಕರಕೊಂಡು ಹೋಗ್ತೀನಿ” ಎಂದಳು ಮಗಳು. ನಾನು 1986ರಲ್ಲಿ ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ಕೊಂಡವನು. ಆಗಿನಿಂದ ಮೂವತ್ತೆಂಟು ವರ್ಷ ಮುಂಬಯಿಯ ಮಳೆಯಲ್ಲಿ, ಗಣಪತಿ ಮೆರವಣಿಗೆಯಲ್ಲಿ, ಖಂಡಾಲಾ ಘಾಟಿನ ಮಂಜಿನಲ್ಲಿ ಕಾರು ಓಡಿಸಿದವನು. ನನಗೆ ರಸ್ತೆಯ ಪಾಠವೇ ಎಂದು ಮನಸ್ಸಿನಲ್ಲೇ ಮೀಸೆ ತಿರುವಿದೆ. ಇದೇ ಮಗಳಿಗೆ ನಾನು ಸೈಕಲ್ ಕಲಿಸಿದ್ದೆ ಎಂಬುದೂ ನೆನಪಿಗೆ ಬಂತು. ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನಕ್ಕೆ ಒಂದು ಸಣ್ಣ ಕಾರು ಗೊತ್ತುಮಾಡಿದೆವು.

ಬಾಡಿಗೆ ಅಂಗಡಿಯ ಹುಡುಗ ಬಲು ವಿನಯವಂತ. ಅಲ್ಲಿ ನಗದು ದುಡ್ಡಿಗೆ ಬೆಲೆ ಕಡಿಮೆ, ಕ್ರೆಡಿಟ್ ಕಾರ್ಡೇ ಬೇಕು. ಬಾಡಿಗೆಯಲ್ಲದೆ ಮತ್ತಷ್ಟು ಹಣವನ್ನು ಕಾರ್ಡಿನ ಮೇಲೆ ತಡೆಹಿಡಿದು, ಕಾರು ಮರಳಿದ ಮೇಲೆ ಬಿಡುತ್ತಾರೆ. ಅನಂತರ ವಿಮೆಯ ಪುರಾಣ. ಬಾಡಿಗೆ ಕಾರಿಗೆ ಆಗುವ ಹಾನಿಗೆ ಒಂದು ವಿಮೆ, ನಮ್ಮಿಂದ ಬೇರೆಯವರಿಗೆ ಆಗುವ ಹಾನಿಗೆ ಇನ್ನೊಂದು. ನನ್ನಂಥವರು ಮೊದಲನೆಯದರ ಚಿಂತೆಯಲ್ಲಿ ಎರಡನೆಯದನ್ನು ಮರೆಯುತ್ತಾರೆ. ಕಾರಿನ ಬಾಗಿಲು ತರಚಿದರೆ ನೂರಾರು ಡಾಲರಿನ ಮಾತು, ಮನುಷ್ಯನಿಗೆ ಏಟಾದರೆ ಲಕ್ಷಗಟ್ಟಲೆ ಡಾಲರಿನ ಮಾತು. ಕಾನೂನು ಕೇಳುವ ಕನಿಷ್ಠ ವಿಮೆ ನಾವು ಹೋದಾಗ ಗಾಯಗೊಂಡ ಒಬ್ಬರಿಗೆ 15,000 ಡಾಲರ್ ಇತ್ತು. 2025ರ ಜನವರಿ 1ರಿಂದ ಅದನ್ನು 30,000 ಮಾಡಿದ್ದಾರೆ. ಅಲ್ಲಿಯ ಆಸ್ಪತ್ರೆಯ ಖರ್ಚಿನ ಮುಂದೆ ಅದೂ ಸಾಲದು. ಆದ್ದರಿಂದ ಎರಡನೆಯ ವಿಮೆಯನ್ನು ಹೆಚ್ಚಿನ ಮೊತ್ತಕ್ಕೇ ತೆಗೆದುಕೊಂಡೆ. ದಿನದ ಬಾಡಿಗೆಗೂ ವಿಮೆಗೂ ಸರಿಸುಮಾರು ಒಂದೇ ಮೊತ್ತ ಬಿತ್ತು. ನನ್ನಾಕೆ ಈ ಬಾರಿ ರೂಪಾಯಿಗೆ ತಿರುಗಿಸಲಿಲ್ಲ.

ಮಗಳು ಹೇಳಿದ್ದಂತೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದ್ದ ಗೀರುಗಳನ್ನೂ ಪೆಟ್ರೋಲಿನ ಮುಳ್ಳನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಂಡೆ. ಬಾಗಿಲು ತೆಗೆದು ಕೂತೆ. ನೋಡಿದರೆ ಸ್ಟೀರಿಂಗ್ ಇಲ್ಲ. ಅಭ್ಯಾಸಬಲದಿಂದ ಬಲಗಡೆಗೆ ಹೋಗಿ ಕೂತಿದ್ದೆ. ಆಗಲೇ ಎಡಗಡೆಯಲ್ಲಿ ನಿಂತಿದ್ದ ನನ್ನಾಕೆ “ಹಂಗಾದ್ರ ನಾನೇ ಓಡಸ್ಲೇನು?” ಎಂದಳು. ಅಂಗಡಿಯ ಹುಡುಗನಿಗೆ ಕನ್ನಡ ಬಾರದಿದ್ದರೂ ಮಾತು ತಿಳಿಯಿತು.

ಸ್ಥಾನ ಬದಲಿಸಿ ಕೂತ ಮೇಲೆ ಇನ್ನೊಂದು ಕಷ್ಟ. ನಮ್ಮ ಮಾರುತಿಯಲ್ಲಿ ತಿರುವಿನ ದೀಪದ ಕಡ್ಡಿ ಬಲಗೈಗೆ, ವೈಪರಿನ ಕಡ್ಡಿ ಎಡಗೈಗೆ. ಅಲ್ಲಿ ಎಲ್ಲ ಅದಲುಬದಲು. ಹೀಗಾಗಿ ಆ ಬಿರುಬಿಸಿಲಿನಲ್ಲಿ ನಾನು ಪ್ರತಿಯೊಂದು ತಿರುವಿಗೂ ವೈಪರ್ ಆಡಿಸುತ್ತ ಹೋದೆ. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರು. ಕೆಲಸವಿಲ್ಲದ ಎಡಗಾಲು ಸಂಕ್ರಾಂತಿಯ ಕುರಿಯಂತೆ ಅತ್ತಿತ್ತ ಹುಡುಕಾಡುತ್ತಿತ್ತು. ಮೂವತ್ತೆಂಟು ವರ್ಷ ನನ್ನ ಎಡಕ್ಕೇ ಕಾರಿನ ಅಗಲ ಇದ್ದದ್ದು. ಈಗ ಆ ಅಗಲ ಬಲಕ್ಕೆ ಹೋಗಿದ್ದರಿಂದ ನಿಂತಿದ್ದ ಕಾರುಗಳ ಪಕ್ಕಕ್ಕೇ ಒತ್ತಿಕೊಂಡು ಹೋಗುತ್ತಿದ್ದೆ. ಆ ಕಡೆಗೆ ಕೂತವಳು ನನ್ನಾಕೆ. ನೇರ ರಸ್ತೆಯಲ್ಲಿ “ಎಡಕ್ಕ ಸರೀರಿ, ಕನ್ನಡಿ ತಾಗ್ತದ” ಎನ್ನುವಳು. ತಿರುವು ಬಂದಾಗ “ಬಲಕ್ಕ ಹಿಡೀರಿ, ಬಲಕ್ಕ” ಎನ್ನುವಳು. ಎರಡೂ ಸರಿಯೇ. ಆದರೆ ಎರಡನ್ನೂ ಒಂದೇ ನಿಮಿಷದಲ್ಲಿ ಕೇಳುವ ಗಂಡನ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬೇಕು.

ಈ ಎಡಬಲಗಳ ಜಗಳ ಮನುಷ್ಯನಷ್ಟೇ ಹಳೆಯದೇನೂ ಅಲ್ಲ. ನಮಗೆ ಎಡಬದಿಯನ್ನು ಬಿಟ್ಟುಹೋದವರು ಇಂಗ್ಲಿಷರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 1792ರಲ್ಲೇ ತನ್ನ ಒಂದು ಹೆದ್ದಾರಿಗೆ ಬಲಬದಿಯ ನಿಯಮ ಮಾಡಿತು. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರ ಬೆಳಗಿನ ಐದು ಗಂಟೆಗೆ ದೇಶಕ್ಕೆ ದೇಶವೇ ಎಡದಿಂದ ಬಲಕ್ಕೆ ಸರಿಯಿತು. ಸಮೋವಾ ಎಂಬ ದ್ವೀಪದೇಶ 2009ರ ಸೆಪ್ಟೆಂಬರ್ 7ರಂದು ತದ್ವಿರುದ್ಧವಾಗಿ ಬಲದಿಂದ ಎಡಕ್ಕೆ ಬಂತು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಂದ ಅಗ್ಗದ ಕಾರು ತರಿಸಬಹುದೆಂಬುದು ಕಾರಣ. ದೇಶಗಳೇ ಬದಲಾದವು, ಅರವತ್ತಾರರ ನಾನು ಮೂರು ದಿನಕ್ಕೆ ಬದಲಾಗಲಾರೆನೇ ಎಂದುಕೊಂಡೆ. ಬದಲಾಗುವ ಮೊದಲು ಸ್ವೀಡನ್ನಿನವರು ವರ್ಷಗಟ್ಟಲೆ ಸಿದ್ಧತೆ ಮಾಡಿದ್ದರೆಂಬುದನ್ನು ಮಾತ್ರ ಮರೆತೆ.

ಮಂಗಳವಾರವಿಡೀ ಫ್ರೀಮಾಂಟಿನ ಓಣಿಗಳಲ್ಲಿ ಅಭ್ಯಾಸ ಮಾಡಿದೆ. ಒಂದು ಉಪಾಯ ಸಿಕ್ಕಿತು. ಎಡವಿರಲಿ ಬಲವಿರಲಿ, ಕಾರು ಓಡಿಸುವವನು ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗೆ ಇರುತ್ತಾನೆ, ಪಕ್ಕದವರು ಅಂಚಿನ ಕಡೆಗೆ. ಈ ಮಾತು ಎರಡು ದೇಶಕ್ಕೂ ಒಂದೇ. ‘ನಾನು ಗೆರೆಗೆ, ಇವಳು ಅಂಚಿಗೆ’ ಎಂದು ಮಂತ್ರದಂತೆ ಹೇಳಿಕೊಳ್ಳುತ್ತ ಹೋದರೆ ತಪ್ಪುವ ಭಯವಿಲ್ಲ. ಗೆರೆ ಇದ್ದರೆ, ಎಂಬುದೊಂದು ಷರತ್ತು ಅದರಲ್ಲಿ ಅಡಗಿತ್ತು. ಅದು ಆಮೇಲೆ ತಿಳಿಯಿತು.

ಅಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ನಾಲ್ಕು ಕಡೆಯೂ ‘ನಿಲ್ಲು’ ಎಂಬ ಕೆಂಪು ಫಲಕವಿರುವ ಚೌಕ. ಪೊಲೀಸನಿಲ್ಲ, ದೀಪವಿಲ್ಲ. ನಾಲ್ಕೂ ಕಡೆಯಿಂದ ಬಂದವರು ಚಕ್ರ ಪೂರ್ತಿ ನಿಲ್ಲುವಂತೆ ನಿಲ್ಲಬೇಕು. ಮೊದಲು ಬಂದವನು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವನಿಗೆ ದಾರಿ. ಮಧ್ಯರಾತ್ರಿಯಲ್ಲಿ ಯಾರೂ ಇಲ್ಲದಿದ್ದರೂ ನಿಲ್ಲುತ್ತಾರೆಂದು ಅಳಿಯ ಹೇಳಿದ. ಮೊದಲ ಚೌಕದಲ್ಲಿ ನಾನು ನಿಂತೆ, ಎದುರಿನ ಹೆಂಗಸೂ ನಿಂತಳು. ಅವಳು ಕೈ ಬೀಸಿ ನೀವು ಹೋಗಿ ಎಂದಳು. ಮರ್ಯಾದೆಗೆ ನಾನು ಕೈ ಬೀಸಿ ನೀವು ಹೋಗಿ ಎಂದೆ. ಕೊನೆಗೆ ಇಬ್ಬರೂ ಒಟ್ಟಿಗೆ ಹೊರಟು ಇಬ್ಬರೂ ಒಟ್ಟಿಗೆ ನಿಂತೆವು. “ಲಖನೌ ನವಾಬರ ಕಥಿ ಆತಿದು” ಎಂದಳು ನನ್ನಾಕೆ. ಮೂರು ದಿನದಲ್ಲಿ ನಾನು ಒಮ್ಮೆಯೂ ಹಾರ್ನ್ ಒತ್ತಲಿಲ್ಲ. ಒತ್ತುವ ಗುಂಡಿ ಎಲ್ಲಿದೆಯೆಂದೂ ನೋಡಿಕೊಳ್ಳಲಿಲ್ಲ. ಮುಂಬಯಿಯಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಹಾಕಿಕೊಡುವವರಿಲ್ಲ, ನಾವೇ ಹಾಕಿಕೊಳ್ಳಬೇಕು. ಯಂತ್ರ ನನ್ನ ಕಾರ್ಡು ನುಂಗಿ, ಅಲ್ಲಿಯ ಪಿನ್‌ಕೋಡ್ ಹೇಳು ಎಂದಿತು. ಡೊಂಬಿವಲಿಯ ಆರಂಕಿ ಹೇಳಿದರೆ ಅದಕ್ಕೆ ಐದಂಕಿಯೇ ಬೇಕು. ಕೊನೆಗೆ ಒಳಗೆ ಹೋಗಿ ಇಂತಿಷ್ಟು ಡಾಲರಿಗೆಂದು ಮುಂಗಡ ಕೊಟ್ಟು ಬಂದೆ. ಅಲ್ಲಿ ಅಳತೆ ಗ್ಯಾಲನ್, ಅಂದರೆ ನಮ್ಮ ಮೂರೂಮುಕ್ಕಾಲು ಲೀಟರಿಗೆ ಸ್ವಲ್ಪ ಹೆಚ್ಚು. ದೂರ ಮೈಲಿಯಲ್ಲಿ. ಹೆದ್ದಾರಿಯ ಫಲಕದಲ್ಲಿ 65 ಎಂದು ಕಂಡು ಎಷ್ಟು ನಿಧಾನದ ಜನ ಎಂದುಕೊಳ್ಳಬಾರದು. ಅದು ನಮ್ಮ ನೂರಾ ಐದು ಕಿಲೋಮೀಟರು.

ಬುಧವಾರ ಸ್ಯಾನ್ ಫ್ರಾನ್ಸಿಸ್ಕೋ ನಗರ. ಕೊಲ್ಲಿಯ ಮೇಲಿನ ಏಳು ಮೈಲಿಯ ಸ್ಯಾನ್ ಮಟೇಯೋ ಸೇತುವೆ ದಾಟಿ ಹೋದೆವು. ಸುಂಕದ ಕಟ್ಟೆಯಲ್ಲಿ ಯಾರೂ ಇಲ್ಲ. ಕ್ಯಾಮೆರಾ ಕಾರಿನ ನಂಬರ್ ಓದಿಕೊಳ್ಳುತ್ತದೆ. ಬಾಡಿಗೆ ಅಂಗಡಿಯವರು ಆ ಸುಂಕಕ್ಕೆ ತಮ್ಮ ಶುಲ್ಕವನ್ನೂ ಸೇರಿಸಿ ಕೆಲವು ವಾರದ ನಂತರ ಕಾರ್ಡಿನಿಂದ ಮುರಿದುಕೊಳ್ಳುತ್ತಾರೆ. ಊರಿಗೆ ಮರಳಿದ ಮೇಲೆ ಬರುವ ಇಂಥ ಬಿಲ್ಲು ಕಂಡು ಯಾರೂ ಗಾಬರಿಯಾಗಬಾರದು.

ಆ ನಗರವನ್ನು ಕಟ್ಟಿದವರು ಗುಡ್ಡಗಳನ್ನು ನೋಡದೆ ಕಾಗದದ ಮೇಲೆ ಪಟ್ಟಿ ಹಿಡಿದು ಗೆರೆ ಎಳೆದಂತಿದೆ. ನಮ್ಮ ಘಾಟಿನ ರಸ್ತೆ ಬೆಟ್ಟಕ್ಕೆ ಸುತ್ತು ಹಾಕಿ ಏರುತ್ತದೆ. ಅಲ್ಲಿಯದು ಏಣಿ ಇಟ್ಟಂತೆ ನೇರ ಏರುತ್ತದೆ. ಕುದುರೆಗಳು ಹತ್ತಲಾರದ ಈ ಏರುಗಳಿಗಾಗಿಯೇ 1873ರಲ್ಲಿ ಹ್ಯಾಲಿಡೀ ಎಂಬವನು ನೆಲದಡಿಯ ಹಗ್ಗದಿಂದ ಎಳೆಯುವ ಕೇಬಲ್ ಕಾರನ್ನು ತಂದದ್ದು. ಏರಿನ ನೆತ್ತಿಯಲ್ಲಿ ‘ನಿಲ್ಲು’ ಫಲಕ. ನಿಂತರೆ ಬಾನೆಟ್ಟಿನ ಮುಂದೆ ಆಕಾಶ ಮಾತ್ರ ಕಾಣುತ್ತದೆ. ರಸ್ತೆ ಮುಂದೆ ಇದೆಯೋ ಇಲ್ಲವೋ ದೇವರೇ ಬಲ್ಲ. ಹೆಸರಾಂತ ಲೊಂಬಾರ್ಡ್ ಬೀದಿಯಲ್ಲೂ ಇಳಿದೆವು. ಶೇಕಡಾ 27ರ ಇಳಿಜಾರನ್ನು ಪಳಗಿಸಲು 1922ರಲ್ಲಿ ಆ ಒಂದು ತುಂಡಿಗೆ ಎಂಟು ತಿರುವು ಕೊಟ್ಟಿದ್ದಾರೆ. ಇಳಿಯಲು ಮಾತ್ರ ದಾರಿ, ಗಂಟೆಗೆ ಐದು ಮೈಲಿ. ಎಂಟು ತಿರುವಿಗೂ ನನ್ನಾಕೆ ಎಂಟು ಸಲ ಎಚ್ಚರಿಸಿದಳು. ಅದು ಏಕಮುಖ ರಸ್ತೆ, ಎದುರಿಗೆ ಯಾರೂ ಬರುವುದಿಲ್ಲ ಎಂದು ನಾನು ಎಂಟು ಸಲ ಹೇಳಿದೆ.

ಕಾರು ನಿಲ್ಲಿಸುವುದೂ ಅಲ್ಲಿ ಒಂದು ವಿದ್ಯೆ. ಇಳಿಜಾರಿನಲ್ಲಿ ಬ್ರೇಕ್ ಎಳೆದರೆ ಸಾಲದು, ಚಕ್ರಗಳನ್ನು ತಿರುಗಿಸಿ ಅಂಚಿನ ಕಲ್ಲಿಗೆ ಒರಗಿಸಬೇಕು, ಇಲ್ಲದಿದ್ದರೆ ದಂಡ. ಇಳಿಮುಖವಾಗಿ ನಿಂತರೆ ಮುಂದಿನ ಚಕ್ರ ಅಂಚಿನ ಕಡೆಗೆ, ಏರುಮುಖವಾಗಿ ನಿಂತರೆ ರಸ್ತೆಯ ಕಡೆಗೆ. ಅಂಚಿನ ಬಣ್ಣವನ್ನೂ ಓದಬೇಕು. ಕೆಂಪಾದರೆ ನಿಲ್ಲುವಂತಿಲ್ಲ, ಹಳದಿ ಸರಕಿನವರಿಗೆ, ಬಿಳಿ ಜನರನ್ನು ಹತ್ತಿಸಿ ಇಳಿಸಲು, ಹಸಿರು ಸ್ವಲ್ಪ ಹೊತ್ತಿಗೆ, ನೀಲಿ ಅಂಗವಿಕಲರಿಗೆ. ಜೊತೆಗೆ ಬೀದಿ ಗುಡಿಸುವ ದಿನ, ಗಂಟೆಗಳ ಫಲಕ ಬೇರೆ. ಕಾರಿನ ಸೀಟಿನ ಮೇಲೆ ಚೀಲ ಕಾಣುವಂತೆ ಬಿಟ್ಟರೆ ಗಾಜು ಒಡೆಯುವವರಿದ್ದಾರೆಂದು ಮಗಳು ಎಚ್ಚರಿಸಿದ್ದರಿಂದ ಮೊಸರನ್ನದ ಬುತ್ತಿಯನ್ನೂ ಹೊತ್ತುಕೊಂಡೇ ತಿರುಗಿದೆವು. ಸಂಜೆ ಒಂದೂ ಗೀರಿಲ್ಲದೆ ಮನೆ ಸೇರಿದಾಗ ನನಗೆ ಸ್ವಲ್ಪ ಗರ್ವ ಬಂದದ್ದು ನಿಜ.

ಆ ಗರ್ವದ ಫಲ ಗುರುವಾರ ಬೆಳಿಗ್ಗೆ ಕಂಡಿತು. ಅಕ್ಕನ ಊರಿಗೆ ಹೊರಟಾಗ ಫ್ರೀಮಾಂಟಿನ ಮೊದಲ ತಿರುವಿನಲ್ಲೇ ನನ್ನಾಕೆ “ಬಲಕ್ಕ ಹಿಡೀರಿ” ಎಂದಳು. ನಾನು ಸಿಡುಕಿ, “ಎರಡು ದಿನ ಆತು, ನಂಗ ಗೊತ್ತದ. ನಾ ಏನು ಸಣ್ಣ ಹುಡುಗ ಇದ್ದೇನಿ? ಇನ್ನ ಸಾಕು ಮಾಡು” ಎಂದೆ. ಅವಳು ಸುಮ್ಮನಾದಳು. ಚಟ್ನಿಪುಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಆ ಹೊತ್ತು ನನ್ನ ಚಾಲನೆಗೆ ಯಾವ ಕುಂದೂ ಬರಲಿಲ್ಲ. ನಗರ ದಾಟಿ ಗೋಲ್ಡನ್ ಗೇಟ್ ಸೇತುವೆಗೆ ಬಂದೆವು. 1937ರಲ್ಲಿ ತೆರೆದ ಆ ಕಿತ್ತಳೆಗೆಂಪು ಸೇತುವೆಯ ಎರಡು ಗೋಪುರಗಳ ನಡುವಣ ದೂರವೇ 4,200 ಅಡಿ. ಆರು ಓಣಿಗಳ ರಸ್ತೆಯ ನಡುವೆ ಒಂದಡಿ ದಪ್ಪದ ಗೋಡೆ. ಅದು ಸರಿದಾಡುವ ಗೋಡೆ. ಬೆಳಿಗ್ಗೆ ನಗರಕ್ಕೆ ಬರುವವರು ಹೆಚ್ಚಾದರೆ ಅತ್ತ, ಸಂಜೆ ಹೋಗುವವರು ಹೆಚ್ಚಾದರೆ ಇತ್ತ, ಒಂದು ಯಂತ್ರ ಬಂದು ಸರಿಸಿ ಹೋಗುತ್ತದೆ. 2015ರ ಜನವರಿಯಲ್ಲಿ ಅದನ್ನು ಹಾಕುವವರೆಗೆ ಎದುರುಬದುರು ವಾಹನಗಳ ನಡುವೆ ಇದ್ದದ್ದು ಕೆಲಸಗಾರರು ಕೈಯಿಂದ ನೆಟ್ಟು ಕೀಳುತ್ತಿದ್ದ ಪ್ಲಾಸ್ಟಿಕ್ ಕೊಳವೆಗಳು ಮಾತ್ರ. ಮುಖಾಮುಖಿ ಅಪಘಾತಗಳಲ್ಲಿ ಜೀವಗಳು ಹೋದ ಮೇಲೆ ಈ ಗೋಡೆ ಬಂತು. ಇದನ್ನೆಲ್ಲ ನಾನು ನನ್ನಾಕೆಗೆ ವಿವರಿಸಿದೆ. ಅವಳು “ಹೂಂ” ಎಂದಳು.

ಅಕ್ಕನ ಮನೆ ಗುಡ್ಡದ ಪಕ್ಕದ ಒಂದು ಕಿರಿದಾದ ಬೀದಿಯಲ್ಲಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು, ನೋಡಿಕೊಳ್ಳುವ ಹೆಂಗಸೊಬ್ಬಳು ಬಾಗಿಲು ತೆಗೆದಳು. ಅಕ್ಕ ಕಿಟಕಿಯ ಬದಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಅರ್ಧದಷ್ಟಾಗಿದ್ದರು. ಇವಳನ್ನು ಕಂಡು, “ಅಂತೂ ಬಂದ್ಯಲ್ಲ. ಯಾರು ಕರಕೊಂಡು ಬಂದರು?” ಎಂದರು. “ನಮ್ಮನಿಯವರೇ ಗಾಡಿ ಹೊಡಕೊಂಡು ಬಂದಾರ” ಎಂದಳು ಇವಳು. ಬೆಳಗಿನಿಂದ ಮಾತಾಡದವಳ ದನಿಯಲ್ಲಿ ಆ ಮಾತಿಗೆ ಇದ್ದ ಹೆಮ್ಮೆ ಕೇಳಿ ನನಗೆ ಒಳಗೇ ಚುಚ್ಚಿತು.

ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದರು. ತಿನ್ನಲು ವೈದ್ಯರ ಅಪ್ಪಣೆ ಇರಲಿಲ್ಲವಂತೆ. ಆದರೂ ನಾಲಿಗೆಯ ತುದಿಗೆ ಒಂದು ಚಿಟಿಕೆ ಇಟ್ಟುಕೊಂಡರು. ನಾನು ಹಿತ್ತಲಿಗೆ ಹೋಗಿ ಕೂತೆ. ಒಳಗಿನಿಂದ ಅಕ್ಕತಂಗಿಯರ ಮಾತು, ನಡುನಡುವೆ ನಗೆ, ಆಮೇಲೆ ಏನೂ ಇಲ್ಲ, ಮತ್ತೆ ಮಾತು. ನಾಲ್ಕು ತಾಸು ಹೋದದ್ದು ತಿಳಿಯಲಿಲ್ಲ. ಹೊರಡುವಾಗ ಅಕ್ಕ ಇವಳ ಹಣೆಗೆ ಕುಂಕುಮವಿಟ್ಟು, ಖಾಲಿ ಡಬ್ಬಿ ಮರಳಿಸಬಾರದೆಂದು ಆ ಹೆಂಗಸಿನ ಕೈಯಲ್ಲಿ ಸಕ್ಕರೆ ತುಂಬಿಸಿ ಕೊಟ್ಟರು. ಬಾಗಿಲವರೆಗೆ ಬರಲು ಅವರಿಗೆ ಆಗಲಿಲ್ಲ. ಕಿಟಕಿಯಿಂದ ಕೈ ಎತ್ತಿದರು.

ಇನ್ನು ಆ ಮಾತು.

ಮನೆಯ ಅಂಗಳದಿಂದ ಕಾರನ್ನು ಹಿಂದಕ್ಕೆ ತೆಗೆದು ಬೀದಿಗೆ ಇಳಿಸಿ ಹೊರಟೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಡುಗೆರೆಯೂ ಇಲ್ಲ. ಕಿಟಕಿಯಲ್ಲಿ ಕಂಡ ಆ ಕೈ ನನ್ನ ಕಣ್ಣಿನಲ್ಲಿತ್ತು. ಪಕ್ಕದಲ್ಲಿ ನನ್ನಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಇನ್ನೂರು ಗಜ ಹೋಗಿರಬೇಕು. ರಸ್ತೆ ತಿರುಗಿದ ಕಡೆಯಿಂದ ಒಂದು ಪಿಕಪ್ ವಾಹನ ನೇರ ನನ್ನ ಎದುರಿಗೇ ಬಂತು. ‘ಇವನಿಗೇನು ಬುದ್ಧಿ ಇಲ್ಲವೇ, ನನ್ನ ಬದಿಗೆ ಬರುತ್ತಿದ್ದಾನಲ್ಲ’ ಎಂದು ನಾನು ಅಂದುಕೊಂಡದ್ದು ಇವತ್ತಿಗೂ ನೆನಪಿದೆ. ಆಮೇಲೆ ಬ್ರೇಕು ಒತ್ತಿದೆ. ಅವನೂ ಒತ್ತಿದ. ಎರಡು ಗಾಡಿಗಳ ನಡುವೆ ಒಂದು ಹಾಸಿಗೆ ಹಾಸುವಷ್ಟು ಜಾಗ ಉಳಿಯಿತು. ಡಬ್ಬಿ ಉರುಳಿ ಕಾಲಡಿಯೆಲ್ಲ ಸಕ್ಕರೆಯಾಯಿತು.

ಎಡಬದಿಯಲ್ಲಿದ್ದವನು ನಾನು. ಹುಟ್ಟುಗುಣ ಸುಟ್ಟರೂ ಹೋಗದೆಂಬಂತೆ, ಕೈಗಳು ತಮ್ಮಷ್ಟಕ್ಕೆ ಕಾರನ್ನು ಡೊಂಬಿವಲಿಯ ರಸ್ತೆಗೆ ತಂದಿದ್ದವು.

ಎದುರಿನ ವಾಹನದಲ್ಲಿದ್ದವನು ನನ್ನಷ್ಟೇ ವಯಸ್ಸಿನ ಬಿಳಿಗೂದಲಿನ ಮನುಷ್ಯ. ಹಾರ್ನ್ ಒತ್ತಲಿಲ್ಲ, ಕೂಗಲಿಲ್ಲ. ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ ತೋರಿಸಿ, ಒಂದು ಬೆರಳಿನಿಂದ ಆ ಬದಿಗೆ ಹೋಗೆಂದು ಸನ್ನೆ ಮಾಡಿದ. ನನ್ನ ಕೈ ನಡುಗುತ್ತಿದ್ದುದರಿಂದ ಸರಿಯಲು ತಡವಾಯಿತು. ಅಲ್ಲಿಯವರೆಗೂ ಕಾದ. ಪಕ್ಕದಲ್ಲಿ ಹಾದು ಹೋಗುವಾಗ ಗಾಜು ಇಳಿಸಿ, ಅವಸರವೇನಿಲ್ಲ, ಸುಧಾರಿಸಿಕೊಂಡು ಹೋಗಿ ಎಂದಷ್ಟೇ ಹೇಳಿದ. ನಾನು ಮುಂದೆ ಒಂದು ಮರದ ಕೆಳಗೆ ಕಾರು ನಿಲ್ಲಿಸಿದೆ. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ವಿಮೆಯ ಅಷ್ಟು ಕಾಗದಗಳು ಕಾರಿನ ಗೂಡಿನಲ್ಲಿದ್ದವು. ಆ ಮನುಷ್ಯನಿಗೆ ಏನಾದರೂ ಆಗಿದ್ದರೆ, ಇವಳಿಗೆ ಏನಾದರೂ ಆಗಿದ್ದರೆ, ಆ ಕಾಗದಗಳಿಂದ ಯಾವುದು ಮರಳಿ ಬರುತ್ತಿತ್ತು?

ಆಮೇಲೆ ನಾನು, “ಇನ್ನ ಮನೀ ಮುಟ್ಟೂತನಕ ನೀ ಹೇಳಕೋತನ ಇರು” ಎಂದೆ. ಅವಳು ಕಣ್ಣೊರೆಸಿಕೊಂಡು, “ಬಲಕ್ಕ ಹಿಡೀರಿ” ಎಂದಳು. ರಿಚ್ಮಂಡ್ ಸೇತುವೆ ದಾಟಿ, ಸಂಜೆಯ ದಟ್ಟಣೆಯಲ್ಲಿ ಫ್ರೀಮಾಂಟಿನವರೆಗೆ ಒಂದೊಂದು ತಿರುವಿಗೂ ಹೇಳಿದಳು. ಒಂದು ಸಲವೂ ನನಗೆ ಕಿರಿಕಿರಿಯಾಗಲಿಲ್ಲ.

ಆ ಬೀದಿಯಲ್ಲಿ ಅವಳು ಯಾಕೆ ಹೇಳಲಿಲ್ಲವೆಂದು ನಾನು ಕೇಳಿಲ್ಲ. ಅಳುತ್ತಿದ್ದುದರಿಂದ ರಸ್ತೆ ಕಾಣಲಿಲ್ಲವೋ, ಬೆಳಿಗ್ಗೆ ನಾನು ಬಾಯಿ ಕಟ್ಟಿದ್ದರಿಂದಲೋ, ಅದು ಅವಳಿಗೇ ಗೊತ್ತು. ಕಾರು ಒಪ್ಪಿಸುವ ಮೊದಲು ಬಂಕಿನ ಯಂತ್ರಕ್ಕೆ ನಾಣ್ಯ ಹಾಕಿ ಕಾಲಡಿಯ ಸಕ್ಕರೆಯನ್ನು ಎಳೆದು ತೆಗೆದೆವು. ಆದರೂ ಮ್ಯಾಟಿನ ಸಂದಿಯಲ್ಲಿ ಕೆಲವು ಕಾಳು ಉಳಿದಿದ್ದವು. ನಮ್ಮನ್ನು ಕರೆದೊಯ್ಯಲು ಬಂದ ಮಗಳು ಬಗ್ಗಿ ನೋಡಿ, “ಏನಮ್ಮಾ ಇದು, ಸಕ್ಕರಿ?” ಎಂದಳು. “ನಿಮ್ಮ ಅಪ್ಪ ಬ್ರೇಕ್ ಹಾಕಿದಾಗ ಡಬ್ಬಿ ಬಿತ್ತು” ಎಂದಳು ನನ್ನಾಕೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಡಿಯ ಹುಡುಗ ಕಾರಿಗೆ ಪ್ರದಕ್ಷಿಣೆ ಹಾಕಿ, ಒಂದೂ ಹೊಸ ಗೀರಿಲ್ಲವೆಂದು ಬರೆದುಕೊಟ್ಟ.

ಸಲಹೆ ಕೇಳಿದ ಮಿತ್ರರಿಗೆ ನಾನು ಹೇಳುವುದು ಇಷ್ಟು. ಓಡಿಸಬೇಡಿ ಎನ್ನಲಾರೆ. ಮಕ್ಕಳ ಶನಿವಾರಕ್ಕೆ ಕಾಯಲಾರದ ಕೆಲಸಗಳು ನಮ್ಮ ವಯಸ್ಸಿನವರಿಗೆ ಇರುತ್ತವೆ. ಪುಸ್ತಿಕೆ ಮಾಡಿಸಿ, ಎರಡನೆಯ ವಿಮೆ ತೆಗೆದುಕೊಳ್ಳಿ, ಮೊದಲ ದಿನ ಓಣಿಯಲ್ಲೇ ಕಳೆಯಿರಿ. ದೊಡ್ಡ ರಸ್ತೆಗೆ ಹೆದರಬೇಡಿ, ಅಲ್ಲಿ ಗೋಡೆಗಳಿವೆ, ಗೆರೆಗಳಿವೆ, ಮುಂದೆ ಹೋಗುವವರ ಹಿಂದೆ ಹೋಗಬಹುದು. ಹೆದರಬೇಕಾದದ್ದು ಖಾಲಿ ಬೀದಿಗೆ, ಬಂಕಿನಿಂದ ಅಥವಾ ಮನೆಯ ಅಂಗಳದಿಂದ ಹೊರಗೆ ಬರುವ ಗಳಿಗೆಗೆ. ಮನಸ್ಸು ತುಂಬಿರುವಾಗ ಕೀಲಿ ತಿರುಗಿಸಬೇಡಿ, ಐದು ನಿಮಿಷ ಕೂತುಕೊಳ್ಳಿ. ಪಕ್ಕದಲ್ಲಿ ಕೂತವರು ಗೊತ್ತಿದ್ದ ಮಾತನ್ನೇ ನೂರು ಸಲ ಹೇಳಿದರೆ ಹೇಳಲಿ ಬಿಡಿ.

ಕಳೆದ ದೀಪಾವಳಿಯ ಹೊತ್ತಿಗೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಫೋನಿಟ್ಟು ನನ್ನಾಕೆ ಸ್ವಲ್ಪ ಹೊತ್ತು ಕೂತಿದ್ದು, “ಆವತ್ತು ಹೋಗಿ ಬಂದದ್ದು ಛಲೋ ಆತು ನೋಡ್ರಿ” ಎಂದಳು. ಎದ್ದು ಅಡಿಗೆಮನೆಗೆ ಹೋದಳು. ಆ ಸ್ಟೀಲ್ ಡಬ್ಬಿಯಲ್ಲಿ ಈಗ ಅವಳು ಸಕ್ಕರೆಯನ್ನೇ ಇಡುತ್ತಾಳೆ.